ಥಿಯೇಟರಿಗೆ ಪೂರ್ಣ ಅಂಕ, ವಾರ್ಡಿನ ರಾತ್ರಿಗೆ ಅರ್ಧ: ಕಲಬುರಗಿಯ ಒಂದು ಆಸ್ಪತ್ರೆಯ ಸೇವೆ

ಎಪ್ಪತ್ತು ದಾಟಿದ ನಮ್ಮ ಮಾವನವರಿಗೆ ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ದೊಡ್ಡ ಕರುಳಿನ ಕೆಳಭಾಗದ ಗಡ್ಡೆಯನ್ನು ಲ್ಯಾಪ್ರೋಸ್ಕೋಪಿ ಮೂಲಕ ತೆಗೆದರು. ಆಸ್ಪತ್ರೆಯ ಹೆಸರನ್ನು ಬರೆಯುತ್ತಿಲ್ಲ. ಇಲ್ಲಿ ಹೇಳಲಿರುವ ಕೊರತೆ ಆ ಒಂದೇ ಕಟ್ಟಡದ್ದು ಎಂದು ನನಗೆ ಅನ್ನಿಸಿಲ್ಲ. ಶಸ್ತ್ರಚಿಕಿತ್ಸಕರ ಕೈಚಳಕವನ್ನು ಅಳೆಯುವ ಅರ್ಹತೆ ನನಗಿಲ್ಲವಾದ್ದರಿಂದ, ಅರಿವಳಿಕೆಯ ಹೊತ್ತಿನಲ್ಲಿ ಉಸಿರಾಟವನ್ನು ನೋಡಿಕೊಂಡ ರೀತಿ ಮತ್ತು ಎಚ್ಚರವಾದ ಮೇಲೆ ಮಾವನವರಿಗೆ ಉಂಟಾದ ಗೊಂದಲವನ್ನು ನಿಭಾಯಿಸಿದ ರೀತಿ, ಇವೆರಡಕ್ಕಷ್ಟೇ ಈ ಬರಹವನ್ನು ಸೀಮಿತಗೊಳಿಸುತ್ತೇನೆ.

ಮೊದಲನೆಯದರಲ್ಲಿ ದೂರಲು ಏನೂ ಇಲ್ಲ. ಹಿಂದಿನ ದಿನ ಬಂದ ಅರಿವಳಿಕೆ ವೈದ್ಯರು ಬೀಡಿ, ಗೊರಕೆ, ಕಟ್ಟಿಸಿದ ಹಲ್ಲು, ಮೆಟ್ಟಿಲು ಹತ್ತುವಾಗಿನ ಏದುಸಿರು ಎಲ್ಲವನ್ನೂ ಕೇಳಿ, ತೂಕ ಬರೆದುಕೊಂಡ ಮೇಲೆ ಟೇಪು ಹಿಡಿದು ಎತ್ತರವನ್ನೂ ಅಳೆದರು. ಪುಪ್ಪುಸದ ಗಾತ್ರ ಎತ್ತರಕ್ಕೆ ತಕ್ಕಂತೆ ಇರುತ್ತದೆಯೇ ಹೊರತು ಹೊಟ್ಟೆ ಬೆಳೆದಂತೆ ಬೆಳೆಯುವುದಿಲ್ಲ. ಆದ್ದರಿಂದ ಎತ್ತರದಿಂದ ಲೆಕ್ಕ ಹಾಕಿದ ತೂಕದ ಪ್ರತಿ ಕಿಲೋಗೆ 6ರಿಂದ 8 ಮಿಲಿಲೀಟರಿನಷ್ಟು ಗಾಳಿಯನ್ನು ಒಂದೊಂದು ಉಸಿರಿಗೆ ವೆಂಟಿಲೇಟರಿನಲ್ಲಿ ನಿಗದಿ ಮಾಡುತ್ತಾರೆ. ಲ್ಯಾಪ್ರೋಸ್ಕೋಪಿಯಲ್ಲಿ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ, ತಲೆಯ ಕಡೆಯನ್ನು ತಗ್ಗಿಸಿ ಮಲಗಿಸುವುದರಿಂದ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆಯಾದ ವಪೆ ಮೇಲಕ್ಕೆ ಒತ್ತಿಕೊಂಡು ಪುಪ್ಪುಸದ ತಳಭಾಗ ಮುಚ್ಚಿಕೊಳ್ಳುತ್ತದೆ. ಅದು ಪೂರ್ತಿ ಮುಚ್ಚದಂತೆ ಉಸಿರು ಬಿಟ್ಟ ಕೊನೆಯಲ್ಲೂ ಸ್ವಲ್ಪ ಒತ್ತಡವನ್ನು ಉಳಿಸುತ್ತಾರೆ. ಆ ಅನಿಲ ರಕ್ತಕ್ಕೂ ಸೇರುವುದರಿಂದ ಯಂತ್ರದ ಉಸಿರಿನ ವೇಗವನ್ನು ಹೆಚ್ಚಿಸಬೇಕಾಗುತ್ತದೆ, ಆದರೆ ಅತಿಯಾದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಪ್ರಮಾಣ ಕುಸಿದು ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ ಎಂದೂ ಅವರು ತಿಳಿಸಿದರು. ಇಷ್ಟನ್ನು ರೋಗಿಯ ಮನೆಯವರಿಗೆ ಕುಳಿತು ಹೇಳುವ ವೈದ್ಯರು ಎಷ್ಟು ಮಂದಿ ಇದ್ದಾರೆ?

ತೊಂದರೆ ಎದ್ದದ್ದು ಎರಡನೆಯ ರಾತ್ರಿ. ಹಗಲಿನಲ್ಲಿ ಸರಿಯಾಗಿಯೇ ಮಾತನಾಡಿದ್ದ ಮಾವನವರು ನಡುರಾತ್ರಿ ಎದ್ದು ಕುಳಿತು, ಪಕ್ಕದ ಯಂತ್ರದ ಗುಂಯ್‌ ಸದ್ದನ್ನು ತೊಗರಿಯ ರಾಶಿ ಮಷಿನ್ ಎಂದೇ ತಿಳಿದು, “ಏ, ಮಷಿನ್ ಬಂದ್ ಮಾಡ್ರೋ, ಚೀಲ ತುಂಬ್ಯಾವ” ಎಂದು ಕೂಗುತ್ತ ಸಲೈನ್ ಕೊಳವೆಗೆ ಕೈ ಹಾಕಿದರು. ರಾತ್ರಿ ಪಾಳಿಯ ಸಿಬ್ಬಂದಿ ಕೈಗಳಿಗೆ ಪಟ್ಟಿ ಕಟ್ಟಿ, ಇದು ವಯಸ್ಸಾದವರಲ್ಲಿ ಇದ್ದದ್ದೇ ಎಂದು ಹೇಳಿ ಹೊರಟರು. ಇದ್ದದ್ದೇ, ನಿಜ. ಆದರೆ ಡೆಲಿರಿಯಂ ಎಂದು ಕರೆಯುವ ಈ ಹಠಾತ್ ಗೊಂದಲ ಮೆದುಳು ಬಾರಿಸುವ ಗಂಟೆ: ಆಮ್ಲಜನಕ ಕಡಿಮೆಯಾಗಿದೆಯೇ, ಮೂತ್ರ ಕಟ್ಟಿದೆಯೇ, ಸೋಂಕು ತಗುಲಿದೆಯೇ, ಸೋಡಿಯಂ ಇಳಿದಿದೆಯೇ, ನೋವು ತಡೆಯಲಾರದಷ್ಟಿದೆಯೇ ಎಂದು ನೋಡುವುದು ಮೊದಲ ಕೆಲಸ, ಕಟ್ಟುವುದು ಅಲ್ಲ. ಕಟ್ಟಿದಷ್ಟೂ ರೋಗಿ ಕೆರಳುತ್ತಾನೆ.

ಬೆಳಗ್ಗೆ ಅದೇ ಅರಿವಳಿಕೆ ವೈದ್ಯರು ಬಂದು ಪಟ್ಟಿ ಬಿಚ್ಚಿಸಿ, “ಯಜಮಾನ್ರೇ, ಐತವಾರದಿಂದ ಹಿಂದಕ ವಾರ ಹೇಳ್ರಿ” ಎಂದರು. ಮಾವನವರು ಶನಿವಾರ, ಶುಕ್ರವಾರ ಎಂದು ಹೇಳಿ ಅಲ್ಲೇ ನಿಂತರು. ಗಮನ ಹಿಡಿದಿಟ್ಟುಕೊಳ್ಳಲಾಗದಿರುವುದು, ಹಠಾತ್ತನೆ ಆರಂಭವಾಗಿ ಗಳಿಗೆಗೊಂದು ರೀತಿ ಇರುವುದು, ಇವು ಡೆಲಿರಿಯಂನ ಮುಖ್ಯ ಗುರುತುಗಳು. ರಕ್ತ ಮತ್ತು ಮೂತ್ರ ಪರೀಕ್ಷೆಗೆ ಬರೆದ ಮೇಲೆ ಅವರು ಕೇಳಿದ್ದು, ಕನ್ನಡಕ ಎಲ್ಲಿ, ಕಿವಿಯ ಮಷಿನ್ ಎಲ್ಲಿ ಎಂದು. ಎರಡೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೀರುವಿನಲ್ಲಿಟ್ಟಿದ್ದವು. ಅವನ್ನು ಹಾಕಿ, ಮಂಚವನ್ನು ಕಿಟಕಿಯ ಬಳಿಗೆ ಸರಿಸಿ, ರಾತ್ರಿ ದೀಪ ಆರಿಸಿ, ಮನೆಯವರೊಬ್ಬರು ಜೊತೆಗಿರಲು ಬಿಟ್ಟ ಮೇಲೆ ಅವರು ಮೆಲ್ಲಗೆ ಹಾದಿಗೆ ಬಂದರು. “ಮುತ್ಯಾ, ರಾಶಿ ಮುಗದದ್ರಿ, ಈಗ ದವಾಖಾನ್ಯಾಗ ಅದೀರಿ” ಎಂದು ಹೋಗಿ ಬರುವಾಗಲೆಲ್ಲ ನೆನಪಿಸುತ್ತಿದ್ದ ಆಯಾ ಮಾಡಿದ್ದೂ ಚಿಕಿತ್ಸೆಯೇ. ಅದು ಬಿಲ್ಲಿನಲ್ಲಿ ಎಲ್ಲೂ ಬರಲಿಲ್ಲ. ಉಸಿರಿನ ವ್ಯಾಯಾಮಕ್ಕೆಂದು ಕೊಟ್ಟ ಮೂರು ಗುಂಡಿನ ಸ್ಪೈರೋಮೀಟರಿನಲ್ಲಿ ಮೊದಲು ಒಂದು ಗುಂಡನ್ನೂ ಪೂರ್ತಿ ಎತ್ತಲಾರದವರು, ಫಿಸಿಯೋಥೆರಪಿಯವರು ಕುರ್ಚಿಯಲ್ಲಿ ಕೂರಿಸಿ ಹೇಳಿಕೊಟ್ಟ ಮೇಲೆ ಎರಡನ್ನು ಎತ್ತಿದರು.

ನೋಡಲು ಬಂದ ನೆಂಟರೆಲ್ಲ ದೂರಿದ್ದು ವೆಂಟಿಲೇಟರನ್ನು. ಥಿಯೇಟರಿನಲ್ಲಿ ಉಸಿರಾಟ ನಡೆಸುವ ರೀತಿಗೂ ನಂತರದ ಗೊಂದಲಕ್ಕೂ ಎಷ್ಟು ನಂಟಿದೆ ಎಂಬುದು ಇನ್ನೂ ಇತ್ಯರ್ಥವಾಗದ ಪ್ರಶ್ನೆ. ಸೊಂಟದ ಮೂಳೆ ಮುರಿದ 1,600 ಮಂದಿಯಲ್ಲಿ ಪೂರ್ಣ ಅರಿವಳಿಕೆಯನ್ನೂ ರೋಗಿ ತಾನೇ ಉಸಿರಾಡುವ ಬೆನ್ನಿನ ಇಂಜೆಕ್ಷನ್ನನ್ನೂ ಹೋಲಿಸಿ ಅಮೆರಿಕ ಮತ್ತು ಕೆನಡಾದಲ್ಲಿ ನಡೆಸಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡೆಲಿರಿಯಂ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಅಂದರೆ ಸುಮಾರು ಐವರಲ್ಲಿ ಒಬ್ಬರಿಗೆ ಕಂಡುಬಂದಿತ್ತು. ವಯಸ್ಸು, ಮೊದಲೇ ಇರುವ ಮರೆವು, ಕಿವಿ ಕಣ್ಣುಗಳ ದೌರ್ಬಲ್ಯ, ಸೋಂಕು, ಕೆಟ್ಟ ನಿದ್ದೆ, ಕೆಲವು ನಿದ್ರೆಯ ಔಷಧಿಗಳು, ಇವುಗಳ ಭಾರವೇ ಹೆಚ್ಚು.

ನನ್ನ ತಕರಾರು ಎರಡು. ನಮ್ಮಿಂದ ಸಹಿ ಪಡೆದ ಒಪ್ಪಿಗೆ ಪತ್ರದಲ್ಲಿ ರಕ್ತಸ್ರಾವದಿಂದ ಹಿಡಿದು ಹಲ್ಲು ಮುರಿಯುವ ಸಾಧ್ಯತೆಯವರೆಗೆ ಎಲ್ಲವೂ ಇತ್ತು, ಗೊಂದಲದ ಬಗ್ಗೆ ಒಂದು ಸಾಲೂ ಇರಲಿಲ್ಲ. ಮೊದಲೇ ಹೇಳಿದ್ದರೆ ನಮ್ಮ ಅತ್ತೆಯವರು ಅಷ್ಟು ಗಾಬರಿಯಾಗುತ್ತಿರಲಿಲ್ಲ. ಇನ್ನೊಂದು, ಗಲಾಟೆ ಮಾಡುವವರು ಮಾತ್ರ ಅಲ್ಲಿನವರ ಕಣ್ಣಿಗೆ ಬೀಳುತ್ತಾರೆ. ಎದುರಿನ ಮಂಚದ ಅಜ್ಜಿ ಹಗಲೆಲ್ಲ ಮಂಕಾಗಿ ಮಲಗಿ ಕರೆದರೂ ಓಗೊಡದಿದ್ದಾಗ, ಪಾಪ ದಣಿದಿದ್ದಾರೆ ಎಂದು ಬಿಟ್ಟರು. ಡೆಲಿರಿಯಂಗೆ ಇಂಥ ಸದ್ದಿಲ್ಲದ ರೂಪವೂ ಇದೆ, ತಪ್ಪಿಹೋಗುವುದು ಹೆಚ್ಚಾಗಿ ಅದೇ.

ಇಂಥ ಶಸ್ತ್ರಚಿಕಿತ್ಸೆಗೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ, ಮತ್ತೆ ಬೇಕಾದರೆ ಇಲ್ಲಿಗೇ ಬರುತ್ತೇನೆ. ಬರುವವರು ದಾಖಲಾತಿಯ ದಿನವೇ ಕುಡಿತದ ಅಭ್ಯಾಸವನ್ನೂ ನುಂಗುವ ಎಲ್ಲ ಮಾತ್ರೆಗಳನ್ನೂ ಮುಚ್ಚಿಡದೆ ಹೇಳಿ, ಕನ್ನಡಕ ಮತ್ತು ಕಿವಿಯ ಮಷಿನ್ ದಿಂಬಿನ ಬಳಿಯೇ ಇರಲೆಂದು ಸಿಸ್ಟರ್‌ಗೆ ತಿಳಿಸಿ, ರಾತ್ರಿ ಒಬ್ಬರು ಉಳಿಯುವ ಪಾಸನ್ನು ಅಂದೇ ಕೇಳಿ ಪಡೆಯಬೇಕು. ಸಂಜೆಯಾದ ಮೇಲೆ ಆ ಕೌಂಟರಿನಲ್ಲಿ ಯಾರೂ ಇರುವುದಿಲ್ಲ.