ಡೇ ಕೇರ್, ಮನೆ ಭೇಟಿ, ಫೋನ್ ಸಭೆ: ನಮ್ಮತ್ತೆಗೆ ಒದಗಿದ್ದು ಯಾವುದು?

ನಮ್ಮತ್ತೆಗೆ ಆಲ್ಝೈಮರ್ ಅನ್ನೋ ಮರೆವಿನ ಕಾಯಿಲೆ ಅಂತ ಗೊತ್ತಾಗಿ ಮೂರು ವರ್ಷವಾಯ್ತು. ಅದಕ್ಕೂ ಮೊದಲಿನ ಎರಡು ವರ್ಷ 'ವಯಸ್ಸಾಯ್ತು, ಅರಳುಮರಳು' ಅಂದುಕೊಂಡೇ ಕಳೆದಿದ್ದೆವು. ಆಮೇಲೆ ಸೇವಾ ಸಂಸ್ಥೆಗಳ ಮೂರು ಬಗೆಯ ನೆರವು ಪಡೆದೆವು. ಕೋಲಾರದ ಕಡೆಯವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲನೆಯದು ಬೆಂಗಳೂರಿನ ಡೇ ಕೇರ್. ಹಾಡು, ಹೂ ಕಟ್ಟುವುದು, ಕಾಳು ಆರಿಸುವುದು, ಹೊತ್ತಿಗೆ ಸರಿಯಾಗಿ ಊಟ. ಯಾವುದಕ್ಕೂ ಹೆಸರಿಡುವ ಹಾಗಿರಲಿಲ್ಲ. ಆದರೆ ಕೆ.ಆರ್. ಪುರದ ಟ್ರಾಫಿಕ್‌ನಲ್ಲಿ ಬಸ್ಸು ನಿಂತರೆ ಸಾಕು, ಅತ್ತೆ ಇಳಿಯೋಕೆ ಎದ್ದುಬಿಡುತ್ತಿದ್ದರು. ಮನೆಗೆ ಬರುವಷ್ಟರಲ್ಲಿ ಹಗಲಿನ ನೆಮ್ಮದಿಯೆಲ್ಲ ಹೋಗಿರುತ್ತಿತ್ತು. ಒಂದೇ ತಿಂಗಳಿಗೆ ಬಿಟ್ಟೆವು. ಬೆಂಗಳೂರಲ್ಲೇ ಮನೆಯಿದ್ದು ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಕಣ್ಣು ಮುಚ್ಚಿ ಇದನ್ನೇ ಆರಿಸಿಕೊಳ್ಳಿ.

ಎರಡನೆಯದು, ಇನ್ನೊಂದು ಸಂಸ್ಥೆಯ ಕಾರ್ಯಕರ್ತೆ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವುದು. ಸಂಜೆಯಾದರೆ ಅತ್ತೆ ಸೀರೆ ಗಂಟು ಕಟ್ಟಿಕೊಂಡು ಬಾಗಿಲಿಗೆ ಬರುತ್ತಿದ್ದರು. "ನಡಿಯಮ್ಮಾ, ಊರಿಗೆ ಹೋಗೋಣ, ಡೈರಿಗೆ ಹಾಲು ಹಾಕೋ ಹೊತ್ತಾಯ್ತು." ಹಸು ಮಾರಿ ಹನ್ನೆರಡು ವರ್ಷವಾಯ್ತು ಅಂತ ನಾನು ಹೇಳುವುದು, ಅವರು ಅಳುವುದು. ಕಾರ್ಯಕರ್ತೆ ಬಂದವಳು ಎದುರು ಮಾತಾಡಲೇ ಇಲ್ಲ. "ಅಜ್ಜಿ, ಮೊದಲು ಕ್ಯಾನ್ ತೊಳ್ಕೊಳ್ಳೋಣ ಬನ್ನಿ" ಅಂದಳು. ಅಟ್ಟದ ಮೇಲಿದ್ದ ಹಳೇ ಕ್ಯಾನ್ ಇಳಿಸಿ ಕೊಟ್ಟೆ. ಅತ್ತೆ ಹುಣಸೆಹಣ್ಣು ಹಚ್ಚಿ ಅರ್ಧ ಗಂಟೆ ಉಜ್ಜಿದರು, ಬೋರಲು ಹಾಕಿದರು, ಕಾಫಿ ಕುಡಿದು ಮಲಗಿದರು. ಊರಿನ ಮಾತೇ ಬರಲಿಲ್ಲ. ಯಾವ ಮಾತ್ರೆಯೂ ಕೊಡದ ಸಂಜೆ ಅದು. ಆದರೆ ಹಣ ಸಾಲದೆ ಸಂಸ್ಥೆಯವರು ಭೇಟಿಯನ್ನು ತಿಂಗಳಿಗೊಮ್ಮೆ ಮಾಡಿದರು. ಬೇಜಾರಾಯಿತು.

ಮೂರನೆಯದು, ಆರೈಕೆ ಮಾಡುವವರಿಗಾಗಿಯೇ ತಿಂಗಳಿಗೊಮ್ಮೆ ಫೋನಿನಲ್ಲಿ ನಡೆಯುವ ಸಭೆ. ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಶಿಯಾ, ಅಂದರೆ ಆಲ್ಝೈಮರ್ ಥರದ ಮರೆವಿನ ಕಾಯಿಲೆ, ಇದೆಯೆಂಬ ಅಂದಾಜು ಓದಿದ್ದೆ. ಆದರೆ ನಮ್ಮಂಥ ಇನ್ನೊಂದು ಮನೆಯ ಮಾತು ಕಿವಿಗೆ ಬಿದ್ದದ್ದು ಈ ಸಭೆಯಲ್ಲೇ. ಅತ್ತೆಯನ್ನು ಬೈದಿದ್ದೆ ಅಂತ ಮೊದಲ ಸಲ ಬಾಯಿಬಿಟ್ಟು ಹೇಳಿದ್ದೂ ಅಲ್ಲೇ. ಯಾರೂ ತಪ್ಪು ಹಿಡಿಯಲಿಲ್ಲ.

ನನ್ನನ್ನು ಕೇಳಿದರೆ ಮನೆ ಭೇಟಿಯೇ ಮೊದಲು, ಜೊತೆಗೆ ಸಭೆ. ಸರ್ಕಾರದ 14567 ಹಿರಿಯರ ಸಹಾಯವಾಣಿ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ. ನಡುರಾತ್ರಿ ನಿಮಗೇ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕ್ಯಾನ್ ಈಗ ಅಟ್ಟಕ್ಕೆ ಹೋಗಿಲ್ಲ, ಬಚ್ಚಲ ಪಕ್ಕದಲ್ಲೇ ಇದೆ.