ಡೈಕ್ಲೋರ್ವಾಸ್ ಹೋದ ಮೇಲೆ ಹಿಟ್ಟು ತಿಗಣೆಗೆ ಯಾವ ಮದ್ದು?

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ನೆರಳುಬಲೆಯಡಿ ಆಂಥೂರಿಯಂ, ಆರ್ಕಿಡ್ ಬೆಳೆಸುವ ನಮ್ಮಂಥವರಿಗೆ ಹಿಟ್ಟು ತಿಗಣೆಗೆ, ಅಂದರೆ ಗಿಡದ ರಸ ಹೀರುವ ಬಿಳಿ ಪುಡಿ ಮೈಯ ಕೀಟಕ್ಕೆ, ಡೈಕ್ಲೋರ್ವಾಸ್ ಎಂಬ ಕೀಟನಾಶಕ ಬಹುಕಾಲ ಕೈಗೆಟಕುವ ಮದ್ದಾಗಿತ್ತು. ದ್ರಾವಣ ತಗಲದ ಎಲೆಸಂದುಗಳಿಗೂ ಅದರ ಆವಿ ನುಗ್ಗಿ ಕೀಟಗಳ ನರಮಂಡಲವನ್ನು ಕೆಡಿಸುತ್ತಿತ್ತು. ಅಡುಗೆಮನೆಯ ಜಿರಳೆಗೂ ಜನ ಅದನ್ನೇ ಸಿಂಪಡಿಸುತ್ತಿದ್ದರು. ಮುಚ್ಚಿದ ಕೋಣೆಯಲ್ಲಿ ಆ ಆವಿ ಮನುಷ್ಯರ ನರಗಳನ್ನೂ ಹಾಗೆಯೇ ಬಾಧಿಸುತ್ತದೆ. ಕೇಂದ್ರ ಸರ್ಕಾರದ 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ಅದು ನಿಷಿದ್ಧ. ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕ ಸುರಿಸಿಕೊಂಡ ಈ ಊರಿನವನಾಗಿ ಆ ನಿಷೇಧಕ್ಕೆ ನನ್ನ ಪೂರ್ಣ ಸಮ್ಮತಿಯಿದೆ.

ಬದಲಿಗೆ ಮೊದಲು ಬಳಸಿದ್ದು ಬೇವಿನ ಎಣ್ಣೆ. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಎಣ್ಣೆಯನ್ನು ಸಾಬೂನು ದ್ರಾವಣದೊಂದಿಗೆ ಚೆನ್ನಾಗಿ ಕದಡಿ ಸಂಜೆ ಸಿಂಪಡಿಸಿದರೆ ಎಳೆಯ ತಿಗಣೆಗಳು ಸಾಯುತ್ತವೆ, ಆದರೆ ಬಲಿತವುಗಳ ಮೈಮೇಲಿನ ಮೇಣದ ಪುಡಿ ದ್ರಾವಣವನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ವಾರವಾರ ಮರಳಿ ಸಿಂಪಡಿಸಬೇಕು, ಮಳೆಗಾಲದಲ್ಲಿ ಅದೂ ಕಷ್ಟ. ಇಮಿಡಾಕ್ಲೋಪ್ರಿಡ್ ಎಂಬ ರಾಸಾಯನಿಕ ಕೀಟನಾಶಕ ಗಿಡದ ರಸದಲ್ಲಿ ಸೇರಿಕೊಳ್ಳುವುದರಿಂದ ಎಲೆತೊಟ್ಟಿನ ಬುಡದಲ್ಲಿ ಅಡಗಿದ ತಿಗಣೆಯನ್ನೂ ಬಿಡುವುದಿಲ್ಲ, ಫಲ ಬೇಗ ಕಾಣುತ್ತದೆ. ಆದರೆ ಅದು ಜೇನುನೊಣಗಳಿಗೆ ತೀರಾ ಅಪಾಯಕಾರಿ. ಯುರೋಪಿನ ಒಕ್ಕೂಟ 2018ರಲ್ಲಿ ಬಯಲಿನ ಬೆಳೆಗಳಿಗೆ ಅದನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ. ತೋಟದಲ್ಲಿ ತೊಡುವೆ ಜೇನಿನ ಪೆಟ್ಟಿಗೆ ಇಟ್ಟವರು ಅದರತ್ತ ಕೈಚಾಚದಿರುವುದೇ ಲೇಸು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದನ್ನು ಸಾಕಿ ಒದಗಿಸುತ್ತದೆ. ಇದರ ಮರಿಯ ಮೈತುಂಬ ಬಿಳಿ ಮೇಣದ ಎಳೆಗಳಿರುವುದರಿಂದ ನೋಡಿದವರು ದೊಡ್ಡ ಹಿಟ್ಟು ತಿಗಣೆಯೆಂದೇ ತಿಳಿದು ಹೊಸಕಿಬಿಡುತ್ತಾರೆ. ತುಸು ಹೊತ್ತು ಕಾದರೆ ಅದು ತಿಗಣೆಯ ಮೊಟ್ಟೆಗೂಡಿಗೆ ಬಾಯಿ ಹಾಕಿ ಚುರುಕಾಗಿ ತಿನ್ನುವುದು ಕಾಣುತ್ತದೆ. ಇದನ್ನು ಬಿಟ್ಟ ಕಡೆ ರಾಸಾಯನಿಕ ಸಿಂಪಡಿಸುವಂತಿಲ್ಲ. ಇರುವೆಗಳನ್ನೂ ತಡೆಯಬೇಕು, ಏಕೆಂದರೆ ತಿಗಣೆಯ ಸಿಹಿ ಅಂಟಿಗಾಗಿ ಬರುವ ಇರುವೆಗಳು ಈ ಹುಳುವನ್ನು ಓಡಿಸುತ್ತವೆ; ಅದಕ್ಕಾಗಿ ನಾನು ಕುಂಡಗಳ ಬೆಂಚಿನ ಕಾಲುಗಳಿಗೆ ಗ್ರೀಸ್ ಬಳಿಯುತ್ತೇನೆ.

ಮನೆಯೊಳಗಿನ ಜಿರಳೆಗೆ ಸಂದುಗಳಲ್ಲಿ ಚುಕ್ಕಿಯಾಗಿ ಇಡುವ ಜೆಲ್ ಸಾಕಾಗುತ್ತದೆ; ಅದು ಗಾಳಿಯಲ್ಲಿ ಹರಡುವುದಿಲ್ಲ. ನೆರಳುಬಲೆಯಲ್ಲಿ ಹಾವಳಿ ಆರಂಭದಲ್ಲಿದ್ದರೆ ಬೇವು, ಹೆಚ್ಚಾದ ಕಡೆ ಬೇವನ್ನು ನಿಲ್ಲಿಸಿ ಕೆಲವು ದಿನಗಳ ಬಳಿಕ ಗುಲಗಂಜಿ ಹುಳು: ಈಗ ನಾನು ಅನುಸರಿಸುತ್ತಿರುವ ಕ್ರಮವಿದು.