ಓಪನ್‌ಎಫ್‌ಪಿಜಿಎಲೋಡರ್: ಎರಡು ವರ್ಷದ ಬಳಕೆ, ಜೊತೆಗೆ ನಾನೇ ಸೇರಿಸಿಕೊಂಡ ಒಂದು ಬೋರ್ಡ್

ಎಫ್‌ಪಿಜಿಎ ಅಂದರೆ ಒಳಗಿನ ಸರ್ಕ್ಯೂಟನ್ನು ನಾವೇ ಬದಲಾಯಿಸಬಹುದಾದ ಚಿಪ್, ಆ ಸರ್ಕ್ಯೂಟ್ ಇರುವ ಫೈಲೇ ಬಿಟ್‌ಸ್ಟ್ರೀಮ್. ಅದನ್ನು ಬೋರ್ಡಿಗೆ ತುಂಬುವ ಕೆಲಸಕ್ಕೂ ಹತ್ತಾರು ಜಿಬಿಯ ವಿವಾಡೋ (ಚಿಪ್ ಕಂಪನಿಯದೇ ಸಾಫ್ಟ್‌ವೇರ್) ತೆರೆದು ಕಾಯೋದು ಸಾಕಾಗಿ ಓಪನ್‌ಎಫ್‌ಪಿಜಿಎಲೋಡರ್ ಅನ್ನೋ ಈ ಕಮಾಂಡ್ ಟೂಲ್ ಹಾಕಿಕೊಂಡೆ. ಆರ್ಟಿ ಆಗಲಿ, ಟ್ಯಾಂಗ್ ನ್ಯಾನೋ 9ಕೆ ಬೋರ್ಡ್ ಆಗಲಿ, ಕಮಾಂಡ್ ಒಂದೇ, ಬೋರ್ಡಿನ ಹೆಸರು ಬದಲಾಯಿಸಿದರೆ ಆಯಿತು. ಎರಡು ವರ್ಷದಿಂದ ತಕರಾರಿಲ್ಲ.

ಇದರ ಬೋರ್ಡ್ ಪಟ್ಟಿಯಲ್ಲಿ ಇಲ್ಲದ ಒಂದು ಬೋರ್ಡ್ ಕೈಗೆ ಬಂದಾಗಲೇ ಇದರ ಒಳಗೆ ಇಣುಕಿದ್ದು. ಆರ್ಟಿಕ್ಸ್-7 35ಟಿ ಎಫ್‌ಪಿಜಿಎ ಚಿಪ್, ಅದನ್ನು ಯುಎಸ್‌ಬಿಗೆ ಜೋಡಿಸೋಕೆ ಎಫ್‌ಟಿ2232 ಅನ್ನೋ ಇನ್ನೊಂದು ಚಿಪ್. ಮಾರಿದವರ ಹೆಸರು ಬೇಡ. ಕಮಾಂಡಿನಲ್ಲಿ ಕೇಬಲ್ (ಬೋರ್ಡನ್ನು ತಲುಪುವ ದಾರಿಯ ಸೆಟ್ಟಿಂಗ್) ಅಂತ ಎಫ್‌ಟಿ2232 ಕೊಟ್ಟು ಡಿಟೆಕ್ಟ್ ಮಾಡಿದರೆ ಏನೂ ಸಿಗಲಿಲ್ಲ. ವೈರ್ ಬದಲಾಯಿಸಿದೆ, ಫ್ರೀಕ್ವೆನ್ಸಿ ಇಳಿಸಿದೆ, ಸುಡೋ (ಅಡ್ಮಿನ್ ಅನುಮತಿ) ಹಾಕಿದೆ, ಭಾನುವಾರ ಪೂರ್ತಿ ಹೋಯಿತು. ಕೊನೆಗೆ ಬೋರ್ಡಿನ ಸರ್ಕ್ಯೂಟ್ ನಕ್ಷೆ, ಅಂದರೆ ಸ್ಕೀಮ್ಯಾಟಿಕ್ ನೋಡಿದೆ (ಮೊದಲೇ ನೋಡಬೇಕಿತ್ತು ಅಲ್ವಾ, ಗೊತ್ತು). ಎಫ್‌ಟಿ2232ಗೂ ಚಿಪ್‌ಗೂ ನಡುವೆ ಒಂದು ಬಫರ್ ಕೂತಿದೆ. ಎಫ್‌ಟಿ2232ರ ಎಡಿಬಸ್7 ಪಿನ್ ಹೈ ಆದರೆ ಮಾತ್ರ ಅದು ಜೆಟ್ಯಾಗ್ (ಚಿಪ್‌ಗೆ ಬಿಟ್‌ಸ್ಟ್ರೀಮ್ ತುಂಬುವ ಸಂಪರ್ಕ) ಸಿಗ್ನಲ್ ಒಳಗೆ ಬಿಡುತ್ತೆ. ಸಾದಾ ಎಫ್‌ಟಿ2232 ಸೆಟ್ಟಿಂಗ್ ಆ ಪಿನ್ ಮುಟ್ಟೋದೇ ಇಲ್ಲ, ಡಿಜಿಲೆಂಟ್ ಅನ್ನೋ ಸೆಟ್ಟಿಂಗ್ ಹೈ ಮಾಡುತ್ತೆ. ಯುಎಸ್‌ಬಿ ಐಡಿ ಎರಡಕ್ಕೂ 0403:6010 ಆಗಿರೋದರಿಂದ ಯಾವುದು ಅಂತ ಸಾಫ್ಟ್‌ವೇರ್‌ಗೆ ತಾನಾಗಿ ತಿಳಿಯಲ್ಲ. ಕೇಬಲ್ ಹೆಸರು ಡಿಜಿಲೆಂಟ್ ಅಂತ ಬದಲಾಯಿಸಿದ ತಕ್ಷಣ ಚಿಪ್‌ನ ಗುರುತಿನ ಸಂಖ್ಯೆ, ಅಂದರೆ ಐಡಿಕೋಡ್ 0ಎಕ್ಸ್362ಡಿ093 ಬಂತು, ಎಲ್‌ಇಡಿಯೂ ಮಿನುಗಿತು.

ಕರೆಂಟ್ ಹೋದರೂ ಉಳಿಯಲಿ ಅಂತ ಬೋರ್ಡಿನ ಫ್ಲ್ಯಾಶ್ ಮೆಮೊರಿಗೆ ಬರೆಯಲು ಹೋದರೆ ಪ್ಯಾಕೇಜ್ (ಚಿಪ್‌ನ ಹೊರಕವಚದ ಮಾದರಿ) ಮಾಹಿತಿ ಇಲ್ಲ ಅಂತ ನಿಂತಿತು. ಈ ಚಿಪ್‌ಗಳಲ್ಲಿ ಜೆಟ್ಯಾಗ್‌ನಿಂದ ಫ್ಲ್ಯಾಶ್‌ಗೆ ನೇರ ದಾರಿ ಇಲ್ಲ. ಮೊದಲು ಎಫ್‌ಪಿಜಿಎ ಒಳಗೆ ಸೇತುವೆಯಂಥ ಪುಟ್ಟ ಬಿಟ್‌ಸ್ಟ್ರೀಮ್ ಇಳಿಸಬೇಕು, ಆ ಫೈಲನ್ನು ಪ್ಯಾಕೇಜ್ ಹೆಸರಿನಿಂದಲೇ ಹುಡುಕುತ್ತೆ. ಐಡಿಕೋಡ್ ಪ್ಯಾಕೇಜ್ ಹೇಳಲ್ಲ. ಚಿಪ್ ಮೇಲೆ ಬರೆದದ್ದು ಓದಿ ಕೊಟ್ಟೆ, ಸುಮಾರು 2.1 ಎಂಬಿ ಹೋಗಿ ಕೂತಿತು.

ಆಮೇಲೆ ಬೋರ್ಡ್ ಸೇರಿಸಿದ್ದು ನಿಜಕ್ಕೂ ಒಂದೇ ಸಾಲು! ಟೂಲ್‌ನ ಸೋರ್ಸ್ ಕೋಡಿನ ಬೋರ್ಡ್ ಡಾಟ್ ಎಚ್‌ಪಿಪಿ ಫೈಲ್‌ನಲ್ಲಿ ಹೆಸರು, ಚಿಪ್, ಕೇಬಲ್. ಡಾಕ್ಯುಮೆಂಟಿಗೆ ಯಾಮಲ್ ಫೈಲ್‌ನಲ್ಲಿ ಇನ್ನೆರಡು ಮೂರು ಸಾಲು. ಇದೇ ಬೋರ್ಡನ್ನು ಲೈಟ್‌ಎಕ್ಸ್‌ಗೆ (ಎಫ್‌ಪಿಜಿಎಗೆ ಸರ್ಕ್ಯೂಟ್ ಕಟ್ಟಿಕೊಡುವ ಇನ್ನೊಂದು ಟೂಲ್) ಸೇರಿಸೋಕೆ ಒಂದೊಂದೇ ಪಿನ್ ನೋಡಿ ಬರೆಯುತ್ತಾ ವಾರ ಕಳೆದಿದ್ದೆ.

5ಕ್ಕೆ 4 ಕೊಡ್ತೀನಿ. ಚಿಪ್ ಸಿಗದಿದ್ದಾಗ ಬೇರೆ ಕೇಬಲ್ ಹಾಕಿ ನೋಡು ಅಂತ ಒಂದು ಮಾತು ಹೇಳಿದ್ದರೆ ನನ್ನ ಭಾನುವಾರ ಉಳಿಯುತ್ತಿತ್ತು. ಲಿನಕ್ಸ್‌ನವರು ಯುಡೆವ್ ರೂಲ್ಸ್ ಫೈಲ್ (ಯುಎಸ್‌ಬಿ ಬಳಸಲು ಅನುಮತಿ ಕೊಡುವ ಫೈಲ್) ಮೊದಲೇ ಕಾಪಿ ಮಾಡಿಕೊಳ್ಳಿ, ಸುಮ್ನೆ ಪ್ರತಿ ಸಲ ಸುಡೋ ಹೊಡೆಯಬೇಡಿ.